ಕಿವಿಗೆ ಹಿಡಿದ ಕಾಯಿ

ಸರ್ವಮಂಗಳಮ್ಮ ಸುಲಿದ ಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಒಳಗೆ ಒಣಗಿದ ಕೊಬ್ಬರಿ ಲೊಟಲೊಟ ಎಂದಿತು. ಬಲಗಡೆ ಇಟ್ಟರು. ಇನ್ನೊಂದನ್ನು ಎತ್ತಿದರು. ಅದರೊಳಗೆ ನೀರು ತುಳುಕಿತು, ಎಡಗಡೆಗೆ ಹೋಯಿತು. ಬಲಗಡೆಯ ರಾಶಿಯಿಂದ ಒಂದೊಂದನ್ನೇ ತೆಗೆದುಕೊಂಡು ಭಾನುಪ್ರಿಯಾ ಮಚ್ಚಿನ ಬೆನ್ನಿನಿಂದ ಸುತ್ತಲೂ ತಟ್ಟುತ್ತಿದ್ದಳು. ಕರಟ ಬಿರಿದು ಕಳಚಿಕೊಂಡರೆ ಕಂದು ಬಣ್ಣದ ಉಂಡೆ ಕೊಬ್ಬರಿ ಇಡಿಯಾಗಿ ಅಂಗೈಗೆ ಬೀಳುತ್ತಿತ್ತು. ಅಜ್ಜಿ ಆರಿಸುವುದು, ಮೊಮ್ಮಗಳು ಒಡೆಯುವುದು.

ಅಜ್ಜಿ ಎಂದರೆ ಅತ್ತೆಯೂ ಹೌದು. ಭಾನುವಿನ ತಾಯಿ ಸರ್ವಮಂಗಳಮ್ಮನ ಹಿರಿಯ ಮಗಳು. ಭಾನುವಿನ ಗಂಡ ಯೋಗೀಶ ಅದೇ ಸರ್ವಮಂಗಳಮ್ಮನ ಕಿರಿಯ ಮಗ; ಮದುವೆಯಾದ ಮೇಲೂ ಅವಳು ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಶೆಟ್ಟಿಕೆರೆಯ ಮನೆಯಲ್ಲಿ ಹಸು ನೋಡಿಕೊಂಡಿದ್ದ ಹುಡುಗಿಗೆ ಹತ್ತೊಂಬತ್ತು ತುಂಬಿದಾಗ, "ನನ್ ಮಗಳ ಮಗಳು ಕಂಡೋರ ಮನೆಗೆ ಯಾಕ್ ಹೋಗ್ಬೇಕು" ಎಂದು ಅಜ್ಜಿಯೇ ಬಂದು ಮಾತು ಮುಗಿಸಿ ಅರಳಗುಪ್ಪೆಗೆ ಕರೆತಂದಿದ್ದರು. ಹೊಸ ಮನೆ ಎನ್ನಿಸಲೇ ಇಲ್ಲ. ಬೇಸಿಗೆ ರಜೆಯಲ್ಲಿ ಆಡಿದ ಅದೇ ಹಜಾರ, ಅದೇ ಅಟ್ಟ.

ಗೋಡೆಗೆ ಒರಗಿಸಿದ ದಿಂಬಿನ ಮೇಲೆ ಕೃತಿಕಾ ಕೂತಿದ್ದಳು. ಭಾನುವಿನ ಮಗಳು, ಮೂರು ವರ್ಷ ದಾಟಿದ ಮಗು. ಎರಡೂ ಕೈ ಎದೆಯ ಹತ್ತಿರ ಸೇರಿಸಿ, ಒದ್ದೆ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಲೇ ಇದ್ದಳು. ಒಂದೂವರೆ ವರ್ಷದವಳಿದ್ದಾಗ "ಅಜ್ಜಿ" ಅನ್ನುತ್ತಿದ್ದಳು, "ಕಾಯಿ" ಅನ್ನುತ್ತಿದ್ದಳು, ನೆಲಕ್ಕೆ ಬಿದ್ದ ಪುರಿಯನ್ನು ಎರಡೇ ಬೆರಳಲ್ಲಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಮಾತು ಒಂದೊಂದಾಗಿ ಹೋಯಿತು. ಬೆರಳು ಪುರಿಯನ್ನು ಮರೆತವು. ಕಣ್ಣು ಮಾತ್ರ ಯಾರನ್ನೂ ಬಿಡದೆ ನೋಡುತ್ತಿದ್ದವು.

ಹತ್ತು ಗಂಟೆಗೆ ಪರಮೇಶಿಯ ಆಟೋ ಬರುತ್ತದೆ. ತಿಪಟೂರಿನ ನರ್ಸಿಂಗ್ ಹೋಮಿನಲ್ಲಿ ಎಲ್ಲಾ ಮಾತಾಗಿದೆ. ಭಾನುವಿಗೆ ಮೂರು ತಿಂಗಳು. "ತೆಗ್ಸೋಕೆ ಒಂದು ಸಹಿ ಹಾಕಿದ್ರೆ ಸಾಕಂತೆ, ಸಾಯಂಕಾಲಕ್ಕೆ ಮನೆಗೆ ಬರಬೋದಂತೆ" ಎಂದು ಅಜ್ಜಿ ಸೋಮವಾರ ಹೇಳಿದ್ದರು. ಹೇಳುವಾಗ ಅವಳ ಮುಖ ನೋಡಿರಲಿಲ್ಲ. ಭಾನು ಆಗಲಿ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಅವಳು ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂದು ಆ ಮನೆಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು.

"ಏನ್ರಮ್ಮಾ, ಬಾಯಿಗೆ ಬೀಗ ಹಾಕ್ಕೊಂಡ್ ಕೂತಿದೀರಾ?" ಎನ್ನುತ್ತಾ ಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. ಕೊಬ್ಬರಿ ಒಡೆಯುವ ಕಾಲದಲ್ಲಿ ಕೂಲಿಗೆ ಬರುವವಳು. ತನ್ನ ಮಚ್ಚನ್ನು ತಾನೇ ತರುತ್ತಿದ್ದಳು. ಬೇರೆಯವರ ಮಚ್ಚು ಅವಳ ಕೈಗೆ ಒಗ್ಗದು.

"ಬಾಯ್ ಮುಚ್ಕೊಂಡು ಕೈ ಆಡ್ಸು ಸಿದ್ದಿ."

"ಕೈ ಆಡ್ತದೆ ಬುಡ್ರಮ್ಮ. ಬಾಯಿ ಅದರ ಪಾಡಿಗೆ ಅದು ಆಡ್ತದೆ. ಎಲ್ಡಕ್ಕೂ ಒಂದೇ ಕೂಲಿ ತಾನೇ." ಕೂತು ಒಂದು ಕಾಯಿ ತಟ್ಟಿದವಳು ಭಾನುವಿನ ಕಡೆ ತಿರುಗಿದಳು. "ಇದೇನೇ ಹುಡ್ಗಿ, ಒಳ್ಳೇ ಸೀರೆ ಉಟ್ಕಂಡು ಚಿಪ್ ಹೊಡೀತಿದೀಯ? ಎಲ್ಲಿಗ್ ಹೊಲ್ಟೆ?"

"ತಿಪಟೂರಿಗೆ. ಕಣ್ ತೋರಿಸ್ಬೇಕು" ಎಂದರು ಸರ್ವಮಂಗಳಮ್ಮ.

"ಕಣ್ಣಾ? ಅವಳ ಕಣ್ಣಿಗೇನಾಗೈತೆ? ಅಟ್ಟದ ಮೂಲೇಲಿರೋ ಇಲೀನೂ ಕಾಣ್ತದೆ ಅವಳಿಗೆ."

ಜಗುಲಿಯ ಮೇಲೆ ಯೋಗೀಶ ಮೊಬೈಲು ನೋಡುತ್ತಾ ಕೂತಿದ್ದ. ಬಹಳ ಹೊತ್ತಿನಿಂದ ಅವನ ಹೆಬ್ಬೆರಳು ಅಲುಗಿರಲಿಲ್ಲ. ಭಾನು ಅದನ್ನು ಬಾಗಿಲ ಸಂದಿನಿಂದ ಗಮನಿಸಿದ್ದಳು.

ನಿನ್ನೆ ಸಾಯಂಕಾಲ ಹಸು ಹೊಡೆದುಕೊಂಡು ತೋಟದಿಂದ ಬರುವಾಗ ಅವಳ ಫೋನು ರಿಂಗಾಗಿತ್ತು. ಬೆಂಗಳೂರಿನ ಆಸ್ಪತ್ರೆಯ ನಿರ್ಮಲಾ ಮೇಡಂ. ಎರಡು ತಿಂಗಳ ಹಿಂದೆ ತಿಪಟೂರಿನಲ್ಲಿ ಮಕ್ಕಳ ಶಿಬಿರ ನಡೆದಾಗ ಕೃತಿಕಾಳ ರಕ್ತ, ಭಾನುವಿನ ರಕ್ತ ಎರಡನ್ನೂ ತೆಗೆದುಕೊಂಡು ಹೋಗಿದ್ದವರು. ಕಾಯಿಲೆಗೆ ರೆಟ್ ಅಂತ ಹೆಸರು ಎಂದರು. ಭಾನು ಬದುವಿನ ಮೇಲೆ ಕೂತು ಕೇಳಿಸಿಕೊಂಡಳು.

"ನಮ್ಮ ಮೈಯ ಒಂದೊಂದು ಕಣದೊಳಗೂ ಒಂದು ಉದ್ದನೆಯ ದಾರ ಇರುತ್ತಮ್ಮ. ಬಿಚ್ಚಿದರೆ ನಿಮಗಿಂತ ಎತ್ತರ. ಅದನ್ನ ಉಂಡೆ ಉಂಡೆಯಾಗಿ ಸುತ್ತಿ ಇಟ್ಟಿರುತ್ತೆ. ಆ ಸುತ್ತಿದ ಕಟ್ಟಿಗೆ ಕ್ರೊಮ್ಯಾಟಿನ್ ಅಂತೀವಿ. ಏನು ಮಾಡಬೇಕು ಅನ್ನೋದೆಲ್ಲಾ ಆ ದಾರದಲ್ಲೇ ಬರೆದಿರುತ್ತೆ. ಆದರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚೋ ಹಾಗಿಲ್ಲ. ಯಾವುದನ್ನ ಯಾವಾಗ ಬಿಚ್ಚಬೇಕು, ಯಾವುದು ಮುಚ್ಚಿರಬೇಕು ಅಂತ ಗುರುತು ಹಿಡಿಯೋಕೆ ಒಳಗೇ ಒಂದು ಪ್ರೋಟೀನ್ ಇದೆ. ಮಿದುಳಿಗೆ ಅದು ತುಂಬಾ ಬೇಕು. ನಿಮ್ಮ ಮಗಳಲ್ಲಿ ಅದು ಸರಿಯಾಗಿಲ್ಲ."

ಭಾನುವಿಗೆ ತಕ್ಷಣ ಕಣ್ಣ ಮುಂದೆ ಬಂದದ್ದು ಅಟ್ಟ. ವರ್ಷವಿಡೀ ಕತ್ತಲಲ್ಲಿ ಮುಚ್ಚಿಕೊಂಡು ಕೂತ ಕಾಯಿಗಳು, ಅವುಗಳ ನಡುವೆ ಬಗ್ಗಿ ಒಂದೊಂದನ್ನೂ ಕಿವಿಗೆ ಹಿಡಿಯುತ್ತಾ ಹೋಗುವ ಅಜ್ಜಿ. ಆ ಅಜ್ಜಿ ಇಲ್ಲದ ಅಟ್ಟ.

"ಯಾರಿಂದ ಬಂತು ಮೇಡಂ?" ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

"ಯಾರಿಂದಲೂ ಅಲ್ಲಮ್ಮ. ನಿಮ್ಮ ರಕ್ತದಲ್ಲಿ ಆ ದೋಷ ಇಲ್ಲ. ಈ ಮಗುವಿನಲ್ಲೇ ಹೊಸದಾಗಿ ಆಗಿರೋದು."

"ನಾವು ಸಂಬಂಧದಲ್ಲಿ ಆಗಿರೋದು. ಸೋದರಮಾವನ್ನ."

"ಸಂಬಂಧದಲ್ಲಿ ಆದರೆ ಬರೋ ಕಾಯಿಲೆಗಳು ಬೇರೆ ಇವೆ, ಸುಳ್ಳಲ್ಲ. ಇದು ಅದಲ್ಲ. ಇನ್ನೊಂದು ಮಗುವಿಗೆ ಹೀಗೇ ಆಗೋದು ನೂರಕ್ಕೆ ಒಂದಕ್ಕಿಂತ ಕಡಿಮೆ. ಬೇಕಾದರೆ ಹೊಟ್ಟೆಯಲ್ಲಿರುವಾಗಲೇ ನೋಡಬಹುದು. ಮನೆಯವರನ್ನ ಕರ್ಕೊಂಡು ಬನ್ನಿ, ನಾನೇ ಹೇಳ್ತೀನಿ."

ಹಸು ಪಕ್ಕದವರ ಹುರುಳಿ ಹೊಲಕ್ಕೆ ನುಗ್ಗಿದ್ದು ಅವಳಿಗೆ ತಿಳಿಯಲೇ ಇಲ್ಲ.

ಮನೆಗೆ ಬಂದು ಯೋಗೀಶನಿಗೆ ಹೇಳಿದಳು. ಅವನು ಬಚ್ಚಲ ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದ. ಪೂರ್ತಿ ಕೇಳಿದ. ತೊಳೆದ ಕಾಲನ್ನೇ ಮತ್ತೆ ತೊಳೆದ. "ಅಮ್ಮಂಗೆ ನೀನೇ ಹೇಳು. ನಾನ್ ಹೇಳಿದ್ರೆ ಹೆಂಡ್ತಿ ಮಾತು ಕಟ್ಕೊಂಡು ಬಂದ ಅಂತಾಳೆ" ಎಂದು ಒಳಗೆ ಹೋದ.

ಹೇಳಬೇಕು ಎಂದು ರಾತ್ರಿಯ ಊಟಕ್ಕೆ ಕೂತಾಗಲೂ ಬಾಯಿ ತೆರೆದಿದ್ದಳು, ಬೆಳಿಗ್ಗೆ ಒಲೆ ಹಚ್ಚುವಾಗಲೂ ತೆರೆದಿದ್ದಳು. ಎರಡು ಸಲವೂ "ಉಪ್ಪು" ಎಂದೋ "ಹಾಲು" ಎಂದೋ ಮಾತು ಬೇರೆ ಕಡೆ ತಿರುಗಿತ್ತು. ಈಗ ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು.

ಸಿದ್ದಮ್ಮ ಬಲಗಡೆಯ ರಾಶಿಗೆ ಕೈ ಹಾಕಿದಳು. ಮಚ್ಚಿನ ಬೆನ್ನಿನಿಂದ ಒಂದೇಟು ಹಾಕಿದ್ದೇ ತಡ, ಕರಟ ಪಟ್ಟೆಂದು ಸೀಳಿ ನೀರು ಚಿಮ್ಮಿತು. ಅವಳ ಮುಖಕ್ಕೆ, ಭಾನುವಿನ ಸೀರೆಗೆ. ಹುಳಿ ವಾಸನೆ ಹಜಾರವನ್ನೆಲ್ಲಾ ತುಂಬಿತು.

"ಅಯ್ಯೋ ಶಿವನೇ! ಹಸೀದು!"

ಸೀಳಿದ ಕಾಯಿಯೊಳಗೆ ಕೊಬ್ಬರಿ ಇನ್ನೂ ಬೆಳ್ಳಗೆ, ಮೆತ್ತಗೆ, ಕರಟಕ್ಕೆ ಅಂಟಿಕೊಂಡೇ ಇತ್ತು. ಸಿದ್ದಮ್ಮ ಮುಖ ಒರೆಸಿಕೊಂಡು ಸರ್ವಮಂಗಳಮ್ಮನನ್ನು ನೋಡಿದಳು. "ನೀವ್ ಇಟ್ಟಿದ್ದಾ ಇದು? ಬಲಗಡೆಗೆ?"

"ಕೈ ತಪ್ಪಿರ್ಬೇಕು."

"ನಿಮ್ ಕೈ ತಪ್ಪೋದಾ? ನಾನ್ ಈ ಮನೆಗೆ ಬರಕ್ ಹಿಡಿದ್ ಮ್ಯಾಲೆ ಒಂದ್ ಕಾಯಿ ತಪ್ಪಿಲ್ಲ ನಿಮ್ ಕಿವಿ. ಊರ್ ಗಂಡಸ್ರೆಲ್ಲಾ ನಿಮ್ ಹತ್ರ ತಂದು ಕೇಳಿಸ್ಕೊಂಡ್ ಹೋಗ್ತಾರೆ." ಅರೆಕಾಯಿಯನ್ನು ಮೂಸಿ ಮುಖ ಕಿವುಚಿದಳು. "ಇನ್ನಿದು ಯಾತಕ್ಕೂ ಆಗಕಿಲ್ಲ. ಕಾಯೀನೂ ಅಲ್ಲ, ಕೊಬ್ರೀನೂ ಅಲ್ಲ. ಅಟ್ಟದ ಮ್ಯಾಲೆ ಅದರ ಪಾಡಿಗೆ ಬುಟ್ಟಿದ್ರೆ ಎಂಥಾ ಗಿಟುಕು ಕೊಬ್ರಿ ಆಗ್ತಿತ್ತು."

"ತಗೊಂಡೋಗಿ ತಿಪ್ಪೆಗೆ ಹಾಕು. ಹಂಗೇ ಕರಟಾನೆಲ್ಲಾ ಹಿತ್ತಲಿಗೆ ಹಾಕ್ಬುಟ್ ಬಾ" ಎಂದರು ಸರ್ವಮಂಗಳಮ್ಮ. ದನಿ ಗಡುಸಾಗಿತ್ತು. ಸಿದ್ದಮ್ಮ ಇಬ್ಬರನ್ನೂ ಒಂದು ಸಲ ನೋಡಿ, ಮಂಕರಿಗೆ ಕರಟ ತುಂಬಿಕೊಂಡು ಹೋದಳು.

ಅಜ್ಜಿ ಬಲಗಡೆಯ ರಾಶಿಯಿಂದ ಒಂದು ಕಾಯಿ ಎತ್ತಿ ಮತ್ತೆ ಕಿವಿಗೆ ಹಿಡಿದರು.

"ಅಜ್ಜಿ" ಎಂದಳು. "ನಿನ್ನೆ ಬೆಂಗಳೂರಿಂದ ಫೋನ್ ಬಂದಿತ್ತು. ಇದು ನಮ್ ಮದುವೆಯಿಂದ ಬಂದಿದ್ದಲ್ಲವಂತೆ."

ಸರ್ವಮಂಗಳಮ್ಮ ಕಾಯಿಯನ್ನು ಅಲುಗಿಸಿದರು.

"ನನ್ ರಕ್ತದಲ್ಲಿ ಇಲ್ವಂತೆ. ಕೃತಿಕಾಗೇ ಹೊಸದಾಗಿ ಆಗಿರೋದಂತೆ. ಯಾರ್ದೂ ತಪ್ಪಿಲ್ಲ ಅಂದ್ರು."

"ಅಂಗನವಾಡಿಗೆ ಬಂದಿದ್ದ ನರ್ಸಮ್ಮ ಹೇಳಿದ್ದು? ರಕ್ತಸಂಬಂಧ, ಅದಕ್ಕೇ ಹಿಂಗೆ ಅಂತ ಎಲ್ರ ಮುಂದೆ ಅಂದ್ಲಲ್ಲ. ಅದು ಸುಳ್ಳಾ?"

"ಅದು ಬೇರೆ ಕಾಯಿಲೆಗಂತೆ."

"ಬೇರೆ ಕಾಯಿಲೆ." ಅಜ್ಜಿ ಕಾಯಿಯನ್ನು ಕೆಳಗಿಟ್ಟರು. "ನಾನ್ ಕಣೇ ನಿನ್ನ ಕೈ ಹಿಡ್ಕೊಂಡ್ ಬಂದೋಳು. ನಿಮ್ಮವ್ವ ಬ್ಯಾಡ ಅಂದ್ಲು. ಹುಡ್ಗಿ ಇನ್ನೂ ಏನೂ ಕಂಡಿಲ್ಲ ಅಂದ್ಲು. ನಾನ್ ಕೇಳ್ಲಿಲ್ಲ. ಈ ಮಗು ಅಜ್ಜಿ ಅನ್ನೋದ ಬುಟ್ಟ ದಿನದಿಂದ ನನ್ ಗಂಟ್ಲಲ್ಲಿ ಅನ್ನ ಇಳಿದಿಲ್ಲ. ನಾನ್ ಕಟ್ಟಿದ ಗಂಟು ಇದು, ನಾನೇ ಬಿಚ್ತೀನಿ."

"ಗಂಟಲ್ಲ ಅಜ್ಜಿ. ಇನ್ನೊಂದ್ ಮಗುವಿಗೆ ಹಿಂಗಾಗಲ್ಲವಂತೆ."

"ಆಗೋದೇ ಇಲ್ಲ ಅಂದ್ಲಾ? ಬರ್ದ್ ಕೊಟ್ಲಾ?"

ಭಾನು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕೃತಿಕಾ ಅವಳನ್ನೇ ನೋಡುತ್ತಿದ್ದಳು.

"ಇಲ್ಲ. ನೂರಕ್ಕೆ ಒಂದಕ್ಕಿಂತ ಕಡಿಮೆ ಅಂದ್ರು."

"ಆ ಒಂದು ನಮ್ಮನೆಗೇ ಬಂದ್ರೆ? ಈಗ ಬಂದಿಲ್ವಾ?" ಅಜ್ಜಿಯ ದನಿ ಒಡೆಯಿತು. "ನಿನ್ ಮ್ಯಾಲಿನ ಸಿಟ್ಟಿಗೆ ಮಾಡ್ತಿದೀನಿ ಅನ್ಕೊಂಡಿದೀಯಾ? ಎಲ್ಡನ್ನೂ ಸೊಂಟದ ಮ್ಯಾಲೆ ಹೊತ್ಕೊಂಡು ಸಾಯ್ತೀಯಲ್ಲೇ ಹುಚ್ಚಿ. ನಾನ್ ಇನ್ನೆಷ್ಟು ದಿನ ಇರ್ತೀನಿ?"

ಜಗುಲಿಯಲ್ಲಿ ಯೋಗೀಶ ಎದ್ದು ನಿಂತ ಸದ್ದಾಯಿತು. ಒಳಗೆ ಬರಲಿಲ್ಲ.

ಭಾನು ರಾಶಿಯಿಂದ ಒಂದು ಕಾಯಿ ತೆಗೆದು ಮಗಳ ಕಿವಿಯ ಹತ್ತಿರ ಅಲುಗಿಸಿದಳು. ಲೊಟಲೊಟ. ಕೃತಿಕಾಳ ಕೈ ಹಿಂಡುವುದನ್ನು ನಿಲ್ಲಿಸಿದವು. ಈ ಸದ್ದಿಗೆ ಮಾತ್ರ ಅವು ನಿಲ್ಲುತ್ತಿದ್ದವು. ಮುಖ ಮೆಲ್ಲನೆ ಅರಳಿತು. ಸದ್ದು ನಿಂತ ಸ್ವಲ್ಪ ಹೊತ್ತಿಗೆ ಕೈಗಳು ಮತ್ತೆ ಒಂದನ್ನೊಂದು ಹುಡುಕಿಕೊಂಡವು.

"ಒಳಗೆ ಏನೂ ಸತ್ತಿಲ್ವಂತೆ ಅಜ್ಜಿ" ಎಂದಳು ಭಾನು. "ಎಲ್ಲಾ ಇದೆಯಂತೆ. ಬಿಚ್ಕೊಳ್ಳೋದು, ಮುಚ್ಕೊಳ್ಳೋದು ಸರಿಯಾಗಿ ಆಗ್ತಿಲ್ಲ ಅಷ್ಟೇ ಅಂದ್ರು."

ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಅಷ್ಟರಲ್ಲಿ ಹೊರಗೆ ಆಟೋ ಬಂದು ನಿಂತಿತು.

"ಯೋಗಣ್ಣೋ, ಬೇಗ ಬರಕ್ ಹೇಳಪ್ಪೋ!" ಪರಮೇಶಿ ಕೂಗಿದ. "ಇಂಜಿನ್ ಆಫ್ ಮಾಡಿದ್ರೆ ಮತ್ತೆ ತಳ್ಬೇಕು ಇದನ್ನ. ನಿಮ್ಮವ್ವಂಗಿಂತ ಹಟಮಾರಿ ಇದು!" ತಾನೇ ನಕ್ಕ.

ಯೋಗೀಶ ಹೊಸ್ತಿಲಲ್ಲಿ ಬಂದು ನಿಂತ. ಅಂಗಿಯ ಗುಂಡಿ ಒಂದು ಕಾಜ ತಪ್ಪಿತ್ತು. ಅವ್ವನನ್ನು ನೋಡಿದ, ಹೆಂಡತಿಯನ್ನು ನೋಡಿದ. "ಹೊತ್ತಾಯ್ತು" ಎಂದ. ಯಾರಿಗೆ ಎಂದು ಹೇಳಲಿಲ್ಲ.

ಸೀರೆಯ ಮೇಲಿನ ಒದ್ದೆ ಗುರುತು ಒಣಗಿರಲಿಲ್ಲ. ಭಾನು ಏಳಲಿಲ್ಲ. ಮಚ್ಚನ್ನು ತೆಗೆದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

"ನಾನ್ ಸಹಿ ಹಾಕಲ್ಲ" ಎಂದಳು.

ಅವಳ ದನಿ ಅಷ್ಟು ದೊಡ್ಡದಾಗಿ ಆ ಹಜಾರದಲ್ಲಿ ಯಾವತ್ತೂ ಕೇಳಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಸಿದ್ದಮ್ಮ ಖಾಲಿ ಮಂಕರಿ ಹಿಡಿದುಕೊಂಡು ನಿಂತುಬಿಟ್ಟಳು. ಯೋಗೀಶ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಸರ್ವಮಂಗಳಮ್ಮ ಮುಂದಿನ ಕಾಯಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದರು. ಅಲುಗಿಸಲಿಲ್ಲ. ಬಲಗಡೆಗೂ ಇಡಲಿಲ್ಲ, ಎಡಗಡೆಗೂ ಇಡಲಿಲ್ಲ. ಕೃತಿಕಾ ಕೈ ಹಿಂಡುತ್ತಾ, ಅಜ್ಜಿಯ ಕೈಯಲ್ಲಿದ್ದ ಆ ಕಾಯಿಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಾ ಕಾಯುತ್ತಿದ್ದಳು. ಹೊರಗೆ ಇಂಜಿನ್ನು ಓಡುತ್ತಲೇ ಇತ್ತು.

"ಆಟೋ ವಾಪಸ್ ಕಳ್ಸು ಮಾವ" ಎಂದಳು ಭಾನು.