ಪ್ಯಾದೆಯಿಂದಲೇ ಮಾತ್

ಸಿಂದಗಿ ಕ್ಲಬ್ಬಿನಲ್ಲಿ ಚದುರಂಗ ಆಡುವವರನ್ನು ಕಂಡರೆ ಗುರಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಆಟ ಅನ್ನಬೇಕೋ, ಸಂತೆ ಅನ್ನಬೇಕೋ? ಒಬ್ಬ ಆಡಿದರೆ ನಾಲ್ವರು ಬುದ್ಧಿ ಹೇಳುವವರು. ಕಾಯಿ ಇಟ್ಟಾದ ಮೇಲೆ "ತಪ್ಪಾತು, ತಡೀರಿ" ಎಂದು ಕುದುರೆಯನ್ನು ಹಿಂದಕ್ಕೆ ಎಳೆದುಕೊಳ್ಳುವವರು. ಸೋತರೆ ಬೆಳಕು ಸರಿಯಿಲ್ಲ, ಚಹಾ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಜಾರದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಗುರಪ್ಪ ತಾನೂ ಎಷ್ಟೋ ವರ್ಷ ಹೀಗೆಯೇ ಆಡಿದವನು. ಈಗ ಅದನ್ನು ಯಾರಾದರೂ ನೆನಪಿಸಿದರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ.

ಎಪ್ಪತ್ತೆರಡರಲ್ಲಿ ಯಾವುದೋ ದೂರದ ದೇಶದಲ್ಲಿ ನಡೆದ ದೊಡ್ಡ ಪಂದ್ಯದ ಸುದ್ದಿ ದಿನಾ ಪೇಪರಿನಲ್ಲಿ ಬಂದು ಅವನಿಗೆ ಹುಚ್ಚು ಹತ್ತಿಸಿತ್ತು. ಮಾಲು ತರಲು ಸೊಲ್ಲಾಪುರಕ್ಕೆ ಹೋದವನು ಆಟ ಕಲಿಸುವ ಇಂಗ್ಲಿಷ್ ಪುಸ್ತಕವೊಂದನ್ನೂ ತಂದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾದಿಯ ಮೇಲೆ ಬೋರ್ಡು ಹರಡಿ, ಸೋತ ಆಟವನ್ನೇ ಮತ್ತೆ ಆಡಿ, ಎಡವಿದ್ದು ಎಲ್ಲಿ ಎಂದು ಹುಡುಕುವುದನ್ನು ಕಲಿತ. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಎದುರಿನವ ಒಳ್ಳೆಯ ನಡೆಯನ್ನೇ ಆಡುತ್ತಾನೆಂದು ತಿಳಿದು ಆಡಬೇಕು ಎಂದು ಕಂಡಕಂಡವರಿಗೆ ಉಪದೇಶ ಮಾಡತೊಡಗಿದ. ಖರೆ ಹೇಳಬೇಕೆಂದರೆ ಆಟ ಸುಧಾರಿಸಿತು. ಆಟಕ್ಕಿಂತ ಮೇಲೇರಿದ್ದು ಜಂಬ.

ಅವನ ತಾತ್ಸಾರದ ದೊಡ್ಡ ಪಾಲು ವಕೀಲ ವಿಠ್ಠಲರಾಯರಿಗೆ ಮೀಸಲು. ಅರಸನನ್ನು ಹಿಡಿಯುವ ಕೊನೆಯ ನಡೆ ಪ್ಯಾದೆಯದೇ, ಅಂದರೆ ಕಾಲಾಳಿನದೇ ಆಗಬೇಕು, ವಜೀರನಿಂದಲೋ ಆನೆಯಿಂದಲೋ ಮಾತ್ ಮಾಡುವುದು ದೊಡ್ಡಸ್ತಿಕೆಯಲ್ಲ ಎಂಬುದು ಆ ಕಡೆಯ ಹಳೆಯ ಆಟಗಾರರ ರಿವಾಜು. ವಕೀಲರು ಅದನ್ನು ವ್ರತದಂತೆ ಹಿಡಿದಿದ್ದರು. ಕೈಯಲ್ಲಿದ್ದ ಗೆಲುವನ್ನು ಪ್ಯಾದೆಗಾಗಿ ಎಳೆದೂ ಎಳೆದೂ ಎಷ್ಟೋ ಸಲ ಸೋತದ್ದುಂಟು. ಅವರು ಆನೆಯಿಂದ ಮಾತ್ ಮಾಡಿದ್ದನ್ನು ಮಾತ್ರ ಸಿಂದಗಿಯಲ್ಲಿ ಯಾರೂ ಕಂಡಿರಲಿಲ್ಲ.

"ಮಾತ್ ಅಂದ್ರ ಮಾತ್ ರೀ," ಎಂದು ಗುರಪ್ಪ ವಕೀಲರಿಗೆ ಕೇಳುವಂತೆಯೇ ಅನ್ನುತ್ತಿದ್ದ. "ಪ್ಯಾದಿಲೆ ಮಾಡಿದ್ರೇನು, ಆನಿಲೆ ಮಾಡಿದ್ರೇನು? ಇದೆಲ್ಲಾ ಮಬ್ಬರ ಚಟಾ."

ವಕೀಲರು ನಕ್ಕು ಅಡಕಿ ಕತ್ತರಿಸುತ್ತ ಕೂಡುತ್ತಿದ್ದರು.

ಮರುವರ್ಷ ಬಸವನ ಬಾಗೇವಾಡಿಯಲ್ಲಿ ಪಂದ್ಯ ಇಟ್ಟರು. ಇಂಡಿ, ಮುದ್ದೇಬಿಹಾಳ, ಸಿಂದಗಿ, ಬಾಗೇವಾಡಿ, ಊರಿಗೊಬ್ಬನೇ ಆಟಗಾರ. ವಕೀಲರೂ ಗುರಪ್ಪನೂ ಒಂದೇ ಒಂದು ಆಟ ಆಡಲಿ, ಗೆದ್ದವನು ಹೋಗಲಿ ಎಂದು ಕ್ಲಬ್ಬಿನ ಸೆಕ್ರೆಟರಿ ಖಂಡೆಪ್ಪ ತೀರ್ಪು ಕೊಟ್ಟ. ಗುರಪ್ಪ ಆ ಆಟಕ್ಕೂ ಕಾಯಲಿಲ್ಲ. ಬಾಗೇವಾಡಿಗೆ ಆಟ ನೋಡಲು ಬರ್ರಿ ಎಂದು ಹೆಂಡತಿಯ ತವರಾದ ಹೂವಿನ ಹಿಪ್ಪರಗಿಗೆ ಹೇಳಿ ಕಳಿಸಿಯೇ ಬಿಟ್ಟ. ಅಲ್ಲಿಯ ಭಾವಂದಿರು ಅವನನ್ನು ಮದುವೆಯ ದಿನದಿಂದ ಅರಿವೆ ಹರಿಯುವುದು ಬಿಟ್ಟು ಬೇರೇನೂ ಬಾರದವನು ಎಂದು ಆಡಿಕೊಳ್ಳುತ್ತ ಬಂದಿದ್ದರು. ಆ ಬಾಯಿಗಳನ್ನು ಒಮ್ಮೆ ಮುಚ್ಚಿಸಬೇಕಿತ್ತು.

"ಗೆಲ್ಲೂಕಿಂತ ಮೊದಲ ಹೇಳಿ ಕಳಿಸೀರಲ್ಲಾ," ಎಂದಳು ಹೆಂಡತಿ ಸುಮಿತ್ರಾಬಾಯಿ. "ಸೋತ್ರ ನಮ್ಮ ಅಣ್ಣಗೋಳಿಗೆ ಹೆಂಗ ಮಾರಿ ತೋರಸ್ಲಿ?"

"ಸೋಲೂದಾ? ಆ ಮುದುಕಗ?"

ಐತವಾರ ಕ್ಲಬ್ಬು ಕಿಕ್ಕಿರಿದಿತ್ತು. ಗುರಪ್ಪ ಚಂದವೇ ಆಡಿದ, ಅದನ್ನು ಅಲ್ಲಗಳೆಯುವಂತಿಲ್ಲ. ಸಂಜೆಯ ಹೊತ್ತಿಗೆ ವಕೀಲರ ಅರಸ ಮೂಲೆ ಸೇರಿ ಉಸಿರುಗಟ್ಟಿದ್ದ. ಆನೆಯನ್ನು ಕೊನೆಯ ಸಾಲಿಗೆ ಒಯ್ದರೆ ಮಾತ್. ಗುರಪ್ಪನ ಕೈ ಆನೆಯ ತನಕ ಹೋಯಿತು, ಮುಟ್ಟಲಿಲ್ಲ.

ಅಷ್ಟರಲ್ಲಿ ಅವನ ಕಣ್ಣು ಪ್ಯಾದೆಯ ಮೇಲೆ ಬಿದ್ದಿತ್ತು. ಅದನ್ನು ಒಂದು ಮನೆ ಮುಂದೆ ದೂಡಿದರೆ ಸಾಕು, ಮುಂದಿನ ನಡೆಗೆ ಅದೇ ಮಾತ್ ಮಾಡುತ್ತದೆ. ಪ್ಯಾದೆಯ ವಕೀಲರಿಗೆ ಪ್ಯಾದೆಯಿಂದಲೇ ಮಾತ್! ಹಿಪ್ಪರಗಿಯ ತನಕ ಸುದ್ದಿ ಹಬ್ಬಬೇಕು. ವಕೀಲರ ಆನೆ ಕೆಳಗಿಳಿದರೆ, ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಬಿದ್ದ ತನ್ನ ಅರಸನಿಗೇ ಮಾತ್ ಎಂಬುದೂ ಕಾಣದೆ ಇರಲಿಲ್ಲ. ಆದರೆ ಆನೆಯಿಂದ? ಈ ಮುದುಕ? ಸತ್ತರೂ ಮಾಡಲಾರ. ಎದುರಿನವ ಒಳ್ಳೆಯ ನಡೆಯನ್ನೇ ಆಡುತ್ತಾನೆಂದು ತಿಳಿಯಬೇಕು ಎಂದು ಊರಿಗೆಲ್ಲ ಉಪದೇಶ ಮಾಡಿದ ಜಾಣ ಪ್ಯಾದೆಯನ್ನು ದೂಡಿ, ಸುತ್ತ ನಿಂತವರನ್ನು ನೋಡಿ ಮೀಸೆ ನೀವಿಕೊಂಡ.

ವಕೀಲರು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಆನೆಯನ್ನು ಎತ್ತಿ ಕೆಳಗಿಳಿಸಿದರು.

"ಮಾತ್."

ಗುರಪ್ಪನ ಕೈ ತಟ್ಟನೆ ಪ್ಯಾದೆಗೆ ಹೋಯಿತು. ಬಾಯಿ ಅವನನ್ನು ಕೇಳದೆಯೇ ಅಂದುಬಿಟ್ಟಿತು: "ತಪ್ಪಾತು, ತಡೀರಿ, ಹಿಂದಕ್ಕ ತಗೋತೇನಿ!"

ಕ್ಲಬ್ಬಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಳ್ಳುತ್ತ ಖಂಡೆಪ್ಪ ಕೇಳಿದ, "ಅಲ್ರಿ ವಕೀಲ್ ಸಾಹೇಬ್ರ, ನೀವು ಆನಿಲೆ ಮಾತ್ ಮಾಡೀರಿ?"

"ಮಾತ್ ಅಂದ್ರ ಮಾತ್," ಎಂದರು ವಿಠ್ಠಲರಾಯರು, ಅಡಕಿ ಬಾಯಿಗೆ ಹಾಕಿಕೊಂಡು. "ಪ್ಯಾದಿ ಮಬ್ಬರ ಚಟಾ ಅಂತ ನಮ್ಮ ಗುರಪ್ಪ ದಿನಾ ಹೇಳ್ತಿದ್ದ. ನಾ ಕಲತೆ. ಹೇಳಿದಾಂವಗ ನೆನಪು ಉಳೀಲಿಲ್ಲ ನೋಡು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುರಪ್ಪ ಪ್ಯಾದೆಯನ್ನು ಇಡಲೂ ಆರದೆ, ಎತ್ತಲೂ ಆರದೆ ಹಿಡಿದೇ ಕುಳಿತ. ಬರಬ್ಯಾಡ್ರಿ ಎಂದು ಹಿಪ್ಪರಗಿಗೆ ಯಾರ ಕೈಯಲ್ಲಿ ಹೇಳಿ ಕಳಿಸಲಿ ಎಂಬುದೊಂದೇ ಅವನ ತಲೆಯಲ್ಲಿತ್ತು.