ಪ್ಯಾರಿಸ್ ಎಂದಳು ಅಲಮೇಲು

ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಸತ್ಯಮೂರ್ತಿಯವರಷ್ಟು ಮೆದುವಾಗಿ ಮಾತಾಡುವವರು ಇನ್ನೊಬ್ಬರಿರಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ವರ್ಷ, ಲಿಫ್ಟ್ ಕೆಟ್ಟಿದ್ದಾಗ, ನನ್ನ ಗ್ಯಾಸ್ ಸಿಲಿಂಡರನ್ನು ಅವರೇ ಮೇಲಕ್ಕೆ ಹೊತ್ತು ತಂದುಕೊಟ್ಟಿದ್ದರು. ಓದಿನ ದುಡ್ಡಿನ ವಿಷಯವನ್ನು ಮಗಳಿಗೆ ತಿಳಿಸಿದ್ದೂ ಅಷ್ಟೇ ಮೆದುವಾಗಿ.

ಮಗಳು ಅಲಮೇಲು ವಿಲೆ ಪಾರ್ಲೆಯಲ್ಲಿ ಕಾಮರ್ಸ್ ಓದಿದವಳು. ಎಂಬತ್ತೆಂಟರ ಬೇಸಿಗೆಯ ಹೊತ್ತಿಗೆ ಯುರೋಪಿನ ಎರಡು ಬಿಸಿನೆಸ್ ಸ್ಕೂಲುಗಳಲ್ಲಿ ಫೈನಾನ್ಸ್ ಮಾಸ್ಟರ್ಸ್‌ಗೆ ಅವಳಿಗೆ ಸೀಟು ಸಿಕ್ಕಿತ್ತು. ಲಂಡನ್ನಿನದು ಒಂದೇ ವರ್ಷದ ಓದು, ಎಲ್ಲವೂ ಇಂಗ್ಲಿಷಿನಲ್ಲಿ. ಪ್ಯಾರಿಸ್ಸಿನದಕ್ಕೆ ಎರಡು ವರ್ಷ. ಎರಡನೆಯ ವರ್ಷದ ಪಾಠವೆಲ್ಲ ಫ್ರೆಂಚಿನಲ್ಲಿ, ಜೊತೆಗೆ ಅಲ್ಲಿನ ಬ್ಯಾಂಕೊಂದರಲ್ಲಿ ಕೆಲಸ. ಅಲಮೇಲು ಕಾಲೇಜಿನ ದಿನಗಳಿಂದಲೇ ಫ್ರೆಂಚ್ ಕಲಿಯುತ್ತಿದ್ದಳು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಪುಸ್ತಕ ಓದುವ ಅವಳಿಗೆ, ಸೊಪ್ಪು ಬಿಡಿಸುತ್ತಾ ಕೂತ ಹೆಂಗಸರು ಸರಿದು ಜಾಗ ಕೊಡುತ್ತಿದ್ದರಂತೆ.

ಸಂಜೆಯ ಹೊತ್ತು ಎರಡೂ ಸ್ಕೂಲಿನ ಪುಸ್ತಿಕೆಗಳನ್ನು ನನ್ನ ಮಂಚದ ಮೇಲೆ ಹರಡಿ, "ಲಂಡನ್ ಈಸಿ, ಆಂಟಿ. ಆದ್ರೆ ಪ್ಯಾರಿಸ್ ಮುಗಿಸಿದ್ರೆ ಕೆಲಸ ಕೈಯಲ್ಲೇ ಇರತ್ತೆ," ಎನ್ನುತ್ತಿದ್ದಳು. ಒಂದು ದಿನ ಲಂಡನ್ ಗೆಲ್ಲುತ್ತಿತ್ತು, ಮರುದಿನ ಪ್ಯಾರಿಸ್.

ಅಷ್ಟರಲ್ಲಿ ಸಂಪತ್‌ನ ಸಂಬಂಧ ಬಂತು. ಹುಡುಗ ಚಾರ್ಟರ್ಡ್ ಅಕೌಂಟೆಂಟ್. ವಿಲೆ ಪಾರ್ಲೆಯಲ್ಲಿ ತಾಯಿಯ ಜೊತೆ ವಾಸ. ಅವನಿಗೂ ಅವೇ ಎರಡು ಸ್ಕೂಲುಗಳಲ್ಲಿ ಸೀಟು ಸಿಕ್ಕಿದೆಯೆಂದು ತಿಳಿದು ಎರಡೂ ಕಡೆಯವರಿಗೆ ಜಾತಕ ಕೂಡಿದ್ದಕ್ಕಿಂತ ಹೆಚ್ಚು ಸಂತೋಷವಾಯಿತು. ಅವರಿಗೆ ವರದಕ್ಷಿಣೆ ಬೇಕಿರಲಿಲ್ಲ. ಅಳಿಯನನ್ನು ಓದಿಸಿದರೆ ಸಾಕಿತ್ತು. ನಮ್ಮ ಜನರಲ್ಲಿ ಅದನ್ನು ವರದಕ್ಷಿಣೆಯೆಂದು ಯಾರೂ ಕರೆಯುತ್ತಿರಲಿಲ್ಲ.

ನನ್ನ ಮುಂದೆಯೇ ಸತ್ಯಮೂರ್ತಿ ಮಗಳ ತಲೆ ಸವರಿ ಹೇಳಿದರು: "ನನ್ನ ಪಿ.ಎಫ್. ಒಬ್ಬರನ್ನ ಓದಿಸೋಕೆ ಆಗತ್ತೆ, ಪುಟ್ಟಿ. ನೀನು ಹೋದ್ರೇನು, ಅವರು ಹೋದ್ರೇನು. ಓದು ಮನೆಗೇ ಬರತ್ತಲ್ಲ."

ಹೆಣ್ಣು ನೋಡಲು ಬಂದ ದಿನ ಕೇಸರಿಬಾತು ಕೊಟ್ಟಾದ ಮೇಲೆ ಸಂಪತ್‌ನ ತಾಯಿ ನಗುತ್ತಾ, "ಇವನಿಗೆ ಯಾವುದು ಆರಿಸ್ಬೇಕೋ ಗೊತ್ತಾಗ್ತಿಲ್ಲ. ಹುಡುಗೀನೇ ಹೇಳ್ಲಿ. ಎಲ್ಲಾ ಸ್ಟಡಿ ಮಾಡಿದಾಳಂತಲ್ಲ," ಎಂದರು.

ಅಲಮೇಲು ಖಾಲಿ ತಟ್ಟೆ ಹಿಡಿದು ನಿಂತೇ ಎರಡೂ ಸ್ಕೂಲುಗಳ ಗುಣದೋಷಗಳನ್ನೆಲ್ಲ ವಿವರಿಸಿದಳು. ನಾನು ಸ್ಟೂಲನ್ನು ಅವಳ ಹಿಂದಕ್ಕೆ ಸರಿಸಿದೆ. ಕೂರಲಿಲ್ಲ.

"ಹಾಗಿದ್ರೆ ಫೈನಲ್ ಯಾವುದು?" ಎಂದ ಸಂಪತ್.

"ಪ್ಯಾರಿಸ್."

"ಅರೆ, ನಂಗೆ ಫ್ರೆಂಚ್ ಝೀರೋ."

"ನಂಗೆ ಬರತ್ತೆ," ಎಂದಳು ಅಲಮೇಲು, ಮೊದಲ ಸಲ ಅವನ ಮುಖ ನೋಡಿ.

"ಸರಿಹೋಯ್ತು ಬಿಡು. ನೀನೇ ಕಲಿಸ್ಬಿಡಮ್ಮಾ," ಎಂದರು ಅವನ ತಾಯಿ. ಎಲ್ಲರೂ ನಕ್ಕರು.

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ಅವಳು ನನಗೆ ಪಿಸುಗುಟ್ಟಿದಳು: "ಲಂಡನ್ ಅಂದಿದ್ರೆ ಒಬ್ಬರೇ ಹೋಗ್ಬಿಡ್ತಿದ್ರು ಆಂಟಿ. ಪ್ಯಾರಿಸ್ಸಲ್ಲಿ ನಾನಿಲ್ದೆ ಒಂದು ಪ್ಯಾಕೆಟ್ ಹಾಲೂ ಸಿಗಲ್ಲ ಅವ್ರಿಗೆ. ಕರ್ಕೊಂಡು ಹೋಗ್ಲೇಬೇಕು. ಅಲ್ಲಿ ಹೋದ್ಮೇಲೆ ನಾನೂ ಹೇಗಾದ್ರೂ ಓದ್ತೀನಿ."

ಮದುವೆಗೆ ಮುಂಚೆ ಇಬ್ಬರೇ ಕೂರುವುದು ಸರಿಯಲ್ಲವೆಂದು ಪಾಠ ನನ್ನ ಮನೆಯ ಹಾಲ್‌ನಲ್ಲಿ, ನನ್ನೆದುರಿಗೇ ನಡೆಯಿತು. ಸಂಪತ್ ಕೆಟ್ಟವನಲ್ಲ. ಬಂದ ತಕ್ಷಣ ಟೇಬಲ್ ಫ್ಯಾನನ್ನು ನನ್ನ ಕಡೆಗೆ ತಿರುಗಿಸುತ್ತಿದ್ದ. ನಿಂಬೆ ಪಾನಕ ಕೊಟ್ಟರೆ ಲೋಟವನ್ನು ತಾನೇ ತೊಳೆದಿಡುತ್ತಿದ್ದ.

ಅಲಮೇಲುವಿನ ತಾಯಿ ಪಂಕಜಾಗೆ ಆ ಪಾಠ ಹಿಡಿಸುತ್ತಿರಲಿಲ್ಲ. ಒಂದು ದಿನ ಮಗಳನ್ನು ಬಾಗಿಲ ಹಿಂದೆ ಕರೆದು, "ಅರ್ಧಂಬರ್ಧ ಕಲಿಸೇ ಮಂಕೆ. ಪೂರ್ತಿ ಕಲಿಸಿದ್ರೆ ನಿನ್ನನ್ನ ಯಾತಕ್ಕೆ ಕರ್ಕೊಂಡು ಹೋಗ್ತಾನೆ?" ಎಂದಳು.

ಅಲಮೇಲು ಪ್ರಯತ್ನಪಟ್ಟಳು. ಆ ಸಂಜೆ ಅವನೊಂದು ವಾಕ್ಯವನ್ನು ತಪ್ಪು ಹೇಳಿದಾಗ ತಿದ್ದದೆ ಕಿಟಕಿಯ ಕಡೆಗೆ ನೋಡಿದಳು. ಅವನು ಅದೇ ತಪ್ಪನ್ನು ಮತ್ತೆ ಹೇಳಿದ. ಮೂರನೆಯ ಸಲಕ್ಕೆ, "ಹಾಗಲ್ಲ, ಹೀಗೆ," ಎಂದು ತಿದ್ದಿಬಿಟ್ಟಳು. ತಪ್ಪನ್ನು ಕೇಳಿಸಿಕೊಂಡು ಸುಮ್ಮನಿರುವುದು ಆ ಹುಡುಗಿಯ ಕೈಲಾಗುತ್ತಿರಲಿಲ್ಲ. ಆಷಾಢ ಮುಗಿಯುವಷ್ಟರಲ್ಲಿ ಅವನು ಸರಾಗವಾಗಿ ಮಾತಾಡತೊಡಗಿದ್ದ. ಮೂಲೆಯಲ್ಲಿ ಹೆಣೆಯುತ್ತಾ ಕೂತ ನನಗೂ ಬಹುಪಾಲು ಅರ್ಥವಾಗುತ್ತಿತ್ತು.

ಶ್ರಾವಣದಲ್ಲಿ ಮದುವೆಯಾಯಿತು. ಸೆಪ್ಟೆಂಬರಿನಲ್ಲಿ ಅವನನ್ನು ಕಳಿಸಲು ನಾವೆಲ್ಲ ಏರ್‌ಪೋರ್ಟಿಗೆ ಹೋದೆವು. ಅಲಮೇಲುಗೆಂದು ನಾನು ಹೆಣೆದಿದ್ದ ನೀಲಿ ಮಫ್ಲರ್ ಅವನ ಕೊರಳಲ್ಲಿತ್ತು. ಅವಳೇ ಸುತ್ತಿದ್ದಳು. ಅವಳ ಪಾಸ್‌ಪೋರ್ಟ್ ಅವಳ ಬ್ಯಾಗಿನಲ್ಲೇ ಇತ್ತು. ತನ್ನನ್ನು ಯಾವಾಗ ಕರೆಸಿಕೊಳ್ಳುವನೆಂಬ ಮಾತು ಅವತ್ತಾದರೂ ಬರುತ್ತದೆಂದು ಕಾದಿದ್ದಳು.

ಸಂಪತ್ ಹಿರಿಯರಿಗೆಲ್ಲ ನಮಸ್ಕಾರ ಮಾಡಿ, ಅವಳ ಹತ್ತಿರ ಬಂದು, ಫ್ರೆಂಚಿನಲ್ಲಿ ಮಾತಾಡಿದ.

"ನೋಡಿದ್ರಾ, ನಮ್ಮೆದುರಿಗೇ ಗುಟ್ಟು," ಎಂದು ಅವನ ತಾಯಿ ಪಂಕಜಾಳ ಮೊಣಕೈ ತಿವಿದರು.

ಅವನು ಹೇಳಿದ್ದು ಇಷ್ಟು: "ನೀನು ಬರುವ ಅಗತ್ಯವಿಲ್ಲ. ಈಗ ನಾನು ಎಲ್ಲವನ್ನೂ ನಿಭಾಯಿಸಬಲ್ಲೆ. ನೀನು ಅಮ್ಮನ ಜೊತೆ ಇರು."

ನಡುವೆ ಒಂದು ಮಾತಿನ ಉಚ್ಚಾರ ಸ್ವಲ್ಪ ತಪ್ಪಿತ್ತು. ಅಲಮೇಲು ಮೆಲ್ಲಗೆ ಆ ಮಾತನ್ನು ಸರಿಯಾಗಿ ಹೇಳಿಕೊಟ್ಟಳು. ಅವನು ತಲೆದೂಗಿ, ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ, ಒಂದೂ ತಪ್ಪಿಲ್ಲದೆ ಹೇಳಿ, ಒಳಗೆ ಹೊರಟುಹೋದ.

"ಏನಂದ್ರು ಪುಟ್ಟಿ?" ಎಂದು ಸತ್ಯಮೂರ್ತಿ ಕೇಳಿದರು.

"ಪಾಠ ಒಪ್ಪಿಸಿದ್ರು ಅಪ್ಪ."

ಅವರು ಸಂತೋಷಪಟ್ಟರು. ಅವಳಿಗೆ ಭಾರವಾಗಬಾರದೆಂದು ಕೈಯಲ್ಲಿದ್ದ ಬ್ಯಾಗನ್ನು ತಾವೇ ತೆಗೆದುಕೊಂಡು, ಅವಳನ್ನು ಅತ್ತೆಯ ಜೊತೆ ವಿಲೆ ಪಾರ್ಲೆಯ ಟ್ಯಾಕ್ಸಿಗೆ ಹತ್ತಿಸಿದರು. ಬಾಗಿಲನ್ನೂ ಮೆಲ್ಲಗೆ ಹಾಕಿದರು, ಸೆರಗು ಸಿಕ್ಕಿಕೊಳ್ಳದ ಹಾಗೆ.