ಗುರುವಿಗೆ ಬಿದ್ದ ಏಟು

ಬಸ್ಸು ಓಮಲೂರಿನಲ್ಲಿ ಇಳಿಸಿ ಧೂಳೆಬ್ಬಿಸಿಕೊಂಡು ಹೋದ ಮೇಲೆ, ಗುಂಡಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೇಳಬೇಕಾದ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದಳು. ‘ನಿನ್ ಮ್ಯಾಲೆ ಕ್ವಾಪ ಇಲ್ಲ ತಾಯಿ. ಕಾಲ ಸರಿಯಿಲ್ಲ. ನೀವು ಬ್ಯಾರೆ ಕಡೆ ನೋಡ್ಕಳ್ಳಿ.’ ಕೊಳತ್ತೂರಿನಲ್ಲಿ ಬಸ್ಸು ಹತ್ತುವಾಗ ಸಲೀಸಾಗಿದ್ದ ಮಾತು ಇಲ್ಲಿಗೆ ಬರುವಷ್ಟರಲ್ಲಿ ಹಿಂದುಮುಂದಾಗತೊಡಗಿತ್ತು.

ಈ ಮಾತನ್ನು ಸಂಬಂಧ ತಂದ ದಾಸಪ್ಪನ ಕೈಲೇ ಹೇಳಿ ಕಳಿಸಬಹುದಿತ್ತು. ಅವನೂ ಹಾಗೇ ಅಂದಿದ್ದ. ಆದರೆ ಹುಡುಗಿಯನ್ನು ಎದುರು ಕೂರಿಸಿಕೊಂಡು ಮುಖ ನೋಡಿ ಒಪ್ಪಿದವಳು ತಾನು. ಬೇಡ ಅನ್ನುವುದನ್ನೂ ಮುಖ ನೋಡಿಯೇ ಅನ್ನಬೇಕು ಎಂದು ಗುಂಡಮ್ಮ ಹಟ ಹಿಡಿದಳು. ಮೆಟ್ಟೂರಿನ ಲಾರಿ ಶೆಡ್ಡಿನಲ್ಲಿ ಮೆಕಾನಿಕ್ ಆಗಿದ್ದ ಕಿರಿಮಗ, ಮದುವೆಯ ಗಂಡು ಮುನಿರಾಜು ಇದನ್ನು ಕೇಳಿ ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದ, ಅಷ್ಟೇ.

ಹುಡುಗಿ ವಾಣಿ ಓಮಲೂರಿನ ಶಾಲೆಯೊಂದರಲ್ಲಿ ಸೈನ್ಸ್ ಟೀಚರು. ಗುರುಬಲ ಇಲ್ಲ, ಗುರುಬಲ ಇಲ್ಲ ಎಂದು ಅವಳ ಮದುವೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿತ್ತು. ಈ ಸಲ ಗುರು ಒಳ್ಳೆಯ ಮನೆಗೆ ಬಂದಿದ್ದಾನೆ ಎಂದು ಜೋಯಿಸರೇ ಹೇಳಿದ ಮೇಲೆ ಎರಡೂ ಕಡೆಯವರು ಒಪ್ಪಿದ್ದರು. ಮದುವೆ ಮಾಡದ ಆಡಿ ತಿಂಗಳು ಕಳೆದರೆ ಮುಂದಿನ ಆವಣಿಯಲ್ಲಿ ಮದುವೆ. ನಿಶ್ಚಯದ ಎಲೆ ಅಡಿಕೆ ಬದಲಾಯಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಪೇಪರಿನಲ್ಲೂ ಟಿವಿಯಲ್ಲೂ ಒಂದೇ ಸುದ್ದಿ: ಚೂರುಚೂರಾದ ಧೂಮಕೇತು ಒಂದರ ಹಿಂದೊಂದು ಹೋಗಿ ಗುರುವಿಗೆ ಬಡಿಯುತ್ತಿದೆ, ಆ ಏಟಿಗೆ ಅವನ ಮೈ ಕಪ್ಪಿಟ್ಟಿದೆ. ಗುಂಡಮ್ಮ ಜೋಯಿಸರ ಹತ್ತಿರ ಓಡಿದಳು. ಅವರು ಎಲೆ ಜಗಿಯುತ್ತ, “ಬಲ ಕೊಡ್ಬೇಕಾದೋನೇ ಏಟು ತಿಂತಾವ್ನೆ. ನಾನೇನಂತ ಏಳ್ಲಿ?” ಅಂದರು.

ಅಷ್ಟು ಸಾಕಾಯಿತು. ಕೆಲವು ವರ್ಷಗಳ ಹಿಂದೆ ಹಿರಿಮಗ ವೇಣು ಎಡಪ್ಪಾಡಿಯ ಮಗ್ಗದ ಮನೆಯಲ್ಲಿ ಮೆಚ್ಚಿದ ಪೂಂಗೊಡಿ ಎಂಬ ತಮಿಳರ ಹುಡುಗಿಯನ್ನು ಜಾತಕ ಪಾತಕ ನೋಡದೆ ಮನೆ ತುಂಬಿಸಿಕೊಂಡಿದ್ದರು. ವರ್ಷ ತಿರುಗುವುದರೊಳಗೆ ಕಾಮಾಲೆ ಬಂದು ಅವಳು ಹೋದಳು. ವೇಣು ಮತ್ತೆ ಮದುವೆಯಾಗಲಿಲ್ಲ. ಎಡಪ್ಪಾಡಿಯಲ್ಲೇ ಉಳಿದ, ಊರಿಗೆ ಬರುವುದನ್ನೂ ಕಡಿಮೆ ಮಾಡಿದ. ಗುರುಬಲ ಇಲ್ಲದ ಮದುವೆ, ಇನ್ನೇನಾದೀತು ಎಂದು ಊರವರು ಆಡಿದ ಮಾತು ಮಾತ್ರ ಗುಂಡಮ್ಮನ ಎದೆಯಲ್ಲಿ ಕೂತುಬಿಟ್ಟಿತ್ತು.

ಶಾಲೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಬೀಗ ಹಾಕಿರುತ್ತದೆ, ಪಕ್ಕದ ಬೀದಿಯ ಮನೆಗೇ ಹೋಗಬೇಕು ಅಂದುಕೊಂಡು ಬಂದಿದ್ದಳು. ನೋಡಿದರೆ ಆಟದ ಬಯಲಿನ ತುಂಬ ಜನ. ನಡುವೆ ಮೂರು ಕಾಲಿನ ಮೇಲೆ ಬಿಳಿ ಕೊಳವೆಯೊಂದು ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಲೆಕ್ಕದ ಮೇಷ್ಟ್ರು ಗೋವಿಂದನ್ ವಾತಿಯಾರ್, “ವರಿಸೈಯಾ ವಾಂಗ! ತಳ್ಳಾದೀಂಗ!” ಎಂದು ತಮಿಳಿನಲ್ಲಿ ಕೂಗುತ್ತ, ತಳ್ಳಾಡುವವರನ್ನು ಹಿಂದೆ ಸರಿಸಿ ಸಾಲು ಸರಿಮಾಡುತ್ತಿದ್ದರು. ಕೊಳವೆಯ ಪಕ್ಕದಲ್ಲಿ ನಿಂತು ಒಬ್ಬೊಬ್ಬರಿಗೂ ಎಲ್ಲಿ ಕಣ್ಣಿಡಬೇಕೆಂದು ತೋರಿಸುತ್ತಿದ್ದವಳು ವಾಣಿ.

ಗುಂಡಮ್ಮನನ್ನು ಕಂಡು ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಜಾಗವನ್ನು ಗೋವಿಂದನ್‌ಗೆ ಬಿಟ್ಟು ಹತ್ತಿರ ಬಂದಳು.

“ಬನ್ನಿ ಅತ್ತೆ. ಒಬ್ರೇ ಬಂದ್ರಾ?”

ಅತ್ತೆ ಅನ್ನುವ ಮಾತು ಗುಂಡಮ್ಮನಿಗೆ ಚುರುಕ್ಕೆಂದಿತು. “ಊಂ. ನಿನ್ತಾವ ಒಂದು ಮಾತಿತ್ತು.”

“ಗೊತ್ತು. ದಾಸಪ್ಪಣ್ಣ ನಿನ್ನೇನೇ ಬಂದು, ಬಾಯ್ಬಿಟ್ಟೇಳ್ದೆ ಜಾಡೆಮಾಡೆಯಾಗಿ ಏಳ್ಬಿಟ್ಟು ಓದ್ರು.” ವಾಣಿಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಆಮೇಲೆ ಏಳೀರಂತೆ. ಅಷ್ಟು ದೂರದಿಂದ ಬಂದಿದೀರಿ, ಯಾರಿಂದ ಈ ಮಾತು ಬಂತೋ ಆ ಗುರೂನ ಒಂದ್ಸಲ ನೋಡ್ಬಿಡಿ.”

ಬೇಡ ಅನ್ನುವುದರೊಳಗೆ ಸಾಲಿನವರು ದಾರಿ ಬಿಟ್ಟಾಗಿತ್ತು. ಗುಂಡಮ್ಮ ಬಗ್ಗಿದಳು. ಮೊದಲು ಏನೂ ಕಾಣಲಿಲ್ಲ, ತನ್ನ ರೆಪ್ಪೆಯೇ ಹುಲ್ಲಿನ ಹಾಗೆ ಅಡ್ಡ ಬರುತ್ತಿತ್ತು. “ಕಣ್ಣು ಪೂರ್ತಿ ಅಂಟಿಸ್ಬೇಡಿ” ಎಂದು ವಾಣಿ ಭುಜ ಹಿಡಿದು ಒಂಚೂರು ಹಿಂದಕ್ಕೆ ಸರಿಸಿದಳು. ಆಗ ಕಂಡಿತು. ಕೆನೆಯ ಬಣ್ಣದ ಸಣ್ಣ ಬಿಲ್ಲೆ, ಅದರ ಮೇಲೆ ಮಸುಕಾದ ಎರಡು ಪಟ್ಟೆ, ಆಚೀಚೆ ಸೂಜಿಮೊನೆಯಂಥ ಚುಕ್ಕಿಗಳು. ಬಿಲ್ಲೆಯ ಅಂಚಿನ ಹತ್ತಿರ, ಯಾರೋ ಬೀಡಿಯಲ್ಲಿ ಸುಟ್ಟ ಹಾಗೆ, ಕಪ್ಪು ಕಲೆಗಳು.

ಗುಂಡಮ್ಮ ಉಸಿರು ಹಿಡಿದು ನೋಡಿದಳು. ಹಿಂದಿದ್ದವರು ಕೆಮ್ಮಿದರೂ ಏಳಲಿಲ್ಲ.

“ನೋವಾಗಿರ್ತದೇನವ್ವ ಅವ್ನಿಗೆ?” ಎಂದು ಕೇಳಿದಳು.

ಹಿಂದೆ ಯಾರೋ ನಕ್ಕರು. ವಾಣಿ ನಗಲಿಲ್ಲ. “ಗೊತ್ತಿಲ್ಲ ಅತ್ತೆ. ಕಲೆ ಮಾತ್ರ ನಿಧಾನವಾಗಿ ಮಾಸೋಗ್ತದಂತೆ.”

ಇಬ್ಬರೂ ಬಯಲಂಚಿನ ಬೇವಿನ ಮರದ ಕಟ್ಟೆಗೆ ಬಂದು ಕೂತರು. ಮೂಡಣದಲ್ಲಿ ಹುಣ್ಣಿಮೆಗೆ ಹತ್ತಿರವಾದ ಚಂದ್ರ ಮೇಲೆ ಬಂದಿದ್ದ. ಹೇಳಬೇಕಾದ ಮಾತನ್ನು ತೆಗೆಯಲಾರದೆ ಗುಂಡಮ್ಮ ಬೇರೆ ಏನನ್ನೋ ಕೇಳಿದಳು. “ಅವ್ನಿಗೇ ಯಾಕೆ ಒಡೀಬೇಕಿತ್ತು?”

“ಅವ್ನಿಗೇ ಅಂತೇನಿಲ್ಲ. ಸೂರ್ಯ, ಭೂಮಿ ಎಲ್ಲಾ ಒಸದಾಗಿ ಆದ ಕಾಲ್ದಾಗೆ ಇಂತಾ ಕಲ್ಲು, ಐಸುಗಡ್ಡೆ ಲೆಕ್ಕ ಇಲ್ದಂಗೆ ತಿರುಗ್ತಿದ್ವು. ಎಲ್ಲಾರ ಮೇಲೂ ಬಿದ್ದವೆ. ಅಗೋ, ಚಂದ್ರನ ಮೈ ಮೇಲಿರೋ ಗುಂಡಿಗಳೆಲ್ಲಾ ಆವಾಗ ಬಿದ್ದ ಏಟೇ.”

“ನಮ್ಮ ಭೂಮೀಗೆ?”

“ಇದ್ಕೂ ಬಿದ್ದವೆ, ಚಂದ್ರನಿಗಿಂತ್ಲೂ ಜಾಸ್ತಿ. ಇಲ್ಲಿ ಮಳೆ ಗಾಳಿ ಐತಲ್ಲ, ಅಳಿಸಾಕ್ಬಿಡ್ತು. ಅಲ್ಲಿ ಮಳೆ ಇಲ್ಲ, ಅಂಗೇ ಉಳ್ಕಂಡ್ವು. ಇಲ್ಲಿರೋ ನೀರಿನಲ್ಲೂ ಒಂದಷ್ಟು ಅಂಗೆ ಬಿದ್ದಿದ್ರಿಂದ್ಲೇ ಬಂದಿರ್ಬೌದು ಅಂತಾರೆ.”

ಗುಂಡಮ್ಮ ಚಂದ್ರನನ್ನು ನೋಡುತ್ತ ತನ್ನ ಕೆನ್ನೆ ಸವರಿಕೊಂಡಳು. ಚಿಕ್ಕವಳಿದ್ದಾಗ ಸಿಡುಬಿನ ಅಮ್ಮ ಬಂದು ಹೋದ ಮುಖ ಅದು, ತುಂಬ ಗುಳಿಗಳು. “ನನ್ ಮಕದಂಗೇ ಅನ್ನು” ಎಂದು ನಕ್ಕಳು. ನಕ್ಕಿದ್ದಕ್ಕೆ ಅವಳಿಗೇ ಮುಜುಗರವಾಗಿ ಸೆರಗು ಬಾಯಿಗೆ ಹಿಡಿದಳು. ಆಮೇಲೆ ದನಿ ಗಟ್ಟಿ ಮಾಡಿಕೊಂಡು, “ನನ್ನ ಒಪ್ಸಾಕೆ ಇದ್ನೆಲ್ಲಾ ಏಳ್ತಿದೀಯಾ?” ಅಂದಳು.

“ಇಲ್ಲತ್ತೆ.” ವಾಣಿ ಬೆರಳಿಗೆ ಅಂಟಿದ್ದ ಸೀಮೆಸುಣ್ಣವನ್ನು ಉಜ್ಜಿಕೊಂಡಳು. “ನಿಮ್ಗೆ ಎದ್ರಿಕೆ ಇದ್ರೆ ಬ್ಯಾಡ ಅಂದ್ಬಿಡಿ, ಪರವಾಯಿಲ್ಲೈ. ನಂಗೂ ಮುನಿರಾಜು ಅವ್ರನ್ನ ಕಂಡ್ರೆ ಇಷ್ಟಾನೇ. ಆದ್ರೆ ನಾಳೆ ನಂಗೊಂದು ತಲೆನೋವು ಬಂದ್ರೂ ನೀವು ಮೊದ್ಲು ಆಕಾಸ ನೋಡಿ, ಆಮೇಲೆ ನನ್ನ ನೋಡ್ತೀರಿ. ಅಂಗೆ ಬಾಳಾಕೆ ನನ್ಕೈಲಾಗಲ್ಲ.”

ಗುಂಡಮ್ಮ ಬಯಲಿನ ಕಡೆ ತಿರುಗಿದಳು. ಇಷ್ಟು ದೂರ ತಾನು ಹೊತ್ತು ತಂದ ಮಾತನ್ನು ಈ ಹುಡುಗಿ ತನಗಿಂತ ಮೊದಲೇ ಕೈಗೆತ್ತಿಕೊಂಡು, ಇಕೋ ತಗೊಳ್ಳಿ ಎಂದು ಮುಂದಿಟ್ಟುಬಿಟ್ಟಿದ್ದಳು. ಬಯಲಿನಲ್ಲಿ ಜನ ಒಂದು ಕಣ್ಣು ಮುಚ್ಚಿಕೊಂಡು ಬಗ್ಗುತ್ತಿದ್ದರು, ಏಳುತ್ತಿದ್ದರು.

“ಪೂಂಗೊಡಿ ಅಕ್ಕ ಎಂಗಿದ್ರು?” ಎಂದಳು ವಾಣಿ ಇದ್ದಕ್ಕಿದ್ದಂತೆ.

“ಅದ್ಯಾಕೆ ಈಗ?”

“ಎಲ್ಲಾರೂ ಅವ್ರು ಸತ್ತಿದ್ದನ್ನೇ ಏಳ್ತಾರೆ. ಬದುಕಿದ್ದಾಗ ಎಂಗಿದ್ರು ಅಂತ ಯಾರೂ ಏಳ್ಲಿಲ್ಲ.”

ಇಷ್ಟು ವರ್ಷಗಳಲ್ಲಿ ಗುಂಡಮ್ಮನನ್ನು ಯಾರೂ ಇದನ್ನು ಕೇಳಿರಲಿಲ್ಲ. “ಬಲೇ ಮಾತುಗಾತಿ” ಅಂದಳು. “ನಮ್ಮ ಮಾತು ಬರ್ತಿರ್ಲಿಲ್ಲ. ಕುರಿಗುಳ್ನ ತಮಿಳ್ನಾಗೇ ಕರೀತಿದ್ಲು, ‘ವಾ ಕಣ್ಣು, ವಾ’ ಅಂತ. ಅವೂ ಕಲ್ತ್ಬಿಟ್ವು. ಅವ್ಳು ತೀರ್ಕಂಡ್ಮ್ಯಾಲೆ ನಾನು ಬಾ ಬಾ ಅಂತ ಎಷ್ಟು ಬಡ್ಕಂಡ್ರೂ ತಿರುಗಿ ನೋಡ್ತಿರ್ಲಿಲ್ಲ. ವಾ ಅಂದ್ರೇ ಬರಾವು. ಈಗ್ಲೂ ಅಂಗೇ, ಅವ್ಳನ್ನ ಕಾಣದ ಮರಿಗುಳೂ ಅಂಗೇ.” ಹೇಳುತ್ತ ಹೇಳುತ್ತ ನಗು ಬಂತು, ನಗುವಿನ ನಡುವೆಯೇ ಕಣ್ಣು ತುಂಬಿತು. “ನಾನು ಬೈದ್ರೆ ಬೇಜಾರೇ ಮಾಡ್ಕಂತಿರ್ಲಿಲ್ಲ. ನನ್ ಬೈಗುಳಾನೇ ನಂಗೆ ತಪ್ಪುತಪ್ಪಾಗಿ ತಿರುಗಿಸಿ ಏಳಿ ನಗಿಸೋಳು.”

ಮಾತು ಮಾತಿಗೆ ಹೊತ್ತು ಸರಿದದ್ದು ತಿಳಿಯಲಿಲ್ಲ. ಗೋವಿಂದನ್ ಬಂದು, ಕೊಳತ್ತೂರಿನ ಕೊನೆಯ ಬಸ್ಸು ಹೋಯಿತೆಂದು ತಮಿಳಿನಲ್ಲಿ ಹೇಳಿದಾಗ ಗುಂಡಮ್ಮ ಗಾಬರಿಯಿಂದ ಎದ್ದಳು. ವಾಣಿ ಅವಳ ಕೈಚೀಲ ತೆಗೆದುಕೊಂಡು, “ನಮ್ಮನೆ ಇಲ್ಲೇ ಐತೆ” ಅಂದಳು.

ಮನೆಯ ಬಾಗಿಲಲ್ಲಿ ವಾಣಿಯ ತಾಯಿ ಸಿದ್ದಲಕ್ಷ್ಮಮ್ಮ ಯಾವ ಮುಖ ಮಾಡಬೇಕೆಂದು ತಿಳಿಯದೆ ನಿಂತರು. ತಂದೆ ಕುಪ್ಪಸ್ವಾಮಿ ಎದ್ದು ಟಿವಿ ಆರಿಸಿದರು. ಎಲೆ ಅಡಿಕೆ ಬದಲಾಗುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಣ್ಣುವಂತಿಲ್ಲ. ಅಲ್ಲಿ ಊಟಕ್ಕೆ ಕೈ ನೆನೆಸಿದರೆ ಸಂಬಂಧ ಒಪ್ಪಿದ ಹಾಗೆ. ಅದಕ್ಕೇ ಸಿದ್ದಲಕ್ಷ್ಮಮ್ಮ ಊಟದ ಮಾತೆತ್ತದೆ ಒಂದು ಲೋಟ ಕಾಫಿ ತಂದು ಮುಂದಿಟ್ಟು ಗೋಡೆಗೆ ಒರಗಿ ನಿಂತರು. ಒಳಗಿನಿಂದ ಹುರುಳಿ ಸಾರಿನ ವಾಸನೆ ಬರುತ್ತಿತ್ತು.

ಗುಂಡಮ್ಮ ಲೋಟವನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಕುಡಿಯದೆ ಕೆಳಗಿಟ್ಟಳು.

“ಮುದ್ದೆ ಮಾಡಿದೀರಾ?”

“ಐತೆ…” ಸಿದ್ದಲಕ್ಷ್ಮಮ್ಮ ಗಂಡನ ಮುಖ ನೋಡಿದರು.

“ಬೆಳಿಗ್ಗೆಯಿಂದ ಒಟ್ಟೆಗೇನೂ ಬಿದ್ದಿಲ್ಲ. ಕೈಗೊಂದಿಷ್ಟು ನೀರು ಕೊಡವ್ವ.”

ವಾಣಿ ಚೊಂಬು ತುಂಬಿಕೊಂಡು ಹಿತ್ತಲಿಗೆ ಬಂದಳು. ಗುಂಡಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ಎರಡೂ ಕೈ ಒಡ್ಡಿದಳು. ನೀರು ಬೆರಳ ಸಂದಿಯಿಂದ ಸೋರಿ, ಬಿಸಿಲಿಗೆ ಬಿರಿದಿದ್ದ ನೆಲದ ಮೇಲೆ ಹರಿದು, ಕರಿಬೇವಿನ ಗಿಡದ ಬುಡ ಸೇರಿತು.